ಮಿರಜದ ತಾಮ್ರದ ತಗಡು ಮತ್ತು ಕನ್ನಡದ ವೆಬ್ ಪುಟ: ವಿನ್ಯಾಸಕಾರರಿಗೆ ಅಕ್ಷರದ ಆಕರಗಳು

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ. ನಾನು ಕನ್ನಡ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿ. ವೆಬ್ ವಿನ್ಯಾಸ ನನ್ನ ಪಠ್ಯದಲ್ಲಿಲ್ಲ. ಲಿಪಿ ಮತ್ತು ಮುದ್ರಣದ ಚರಿತ್ರೆ ಓದುತ್ತಾ ಈ ಕಡೆ ಬಂದೆ. ನನ್ನ ಮಾತು ಇಷ್ಟೇ: ವೆಬ್ ವಿನ್ಯಾಸಕಾರರಿಗೆ ಸ್ಫೂರ್ತಿ, ಸಂಪನ್ಮೂಲ ಅಂತ ಇವತ್ತು ಸಿಗುವ ಟೆಂಪ್ಲೇಟು, ಬಣ್ಣದ ಪಟ್ಟಿ, ಐಕಾನುಗಳು ಬಹುತೇಕ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಕನ್ನಡದ ಪುಟ ಕಟ್ಟುವವರಿಗೆ ಬೇಕಾದ ಆಕರ ಬೇರೆ ಕಡೆ ಇದೆ. ಅದನ್ನು ಸಾಂಗಲಿ-ಮಿರಜದ ಉದಾಹರಣೆ ಹಿಡಿದು ತೋರಿಸಲು ಪ್ರಯತ್ನಿಸುತ್ತೇನೆ.

ಸಾಂಗಲಿ-ಮಿರಜವೇ ಯಾಕೆ? ಪಟವರ್ಧನ ಮನೆತನದ ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರುವ ತನಕ ಕನ್ನಡ ನೆಲದಲ್ಲೂ ಹರಡಿಕೊಂಡಿದ್ದವು. ತೇರದಾಳ, ಬೆಳಗಾವಿ ಪಕ್ಕದ ಶಹಾಪುರ, ಶಿರಹಟ್ಟಿ ಸಾಂಗಲಿ ಸಂಸ್ಥಾನದವು, ಲಕ್ಷ್ಮೇಶ್ವರ ಮಿರಜದ್ದು. ಲಕ್ಷ್ಮೇಶ್ವರ ಅಂದ್ರೆ ಹಳೆಯ ಪುಲಿಗೆರೆ, ಪಂಪ ತನ್ನ ಕಾವ್ಯದ ಭಾಷೆಯನ್ನು ಯಾವ ಊರಿನದೆಂದು ಹೆಮ್ಮೆಯಿಂದ ಹೇಳಿಕೊಂಡನೋ ಆ ಊರು. ಇವತ್ತಿಗೂ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಹಾಗಾಗಿ ಅಲ್ಲಿನ ಒಬ್ಬ ವಿನ್ಯಾಸಕಾರರ ಮೇಜಿನ ಮೇಲೆ ಮರಾಠಿ, ಕನ್ನಡ, ಇಂಗ್ಲಿಷ್ ಮೂರೂ ಒಟ್ಟಿಗೆ ಬಂದು ಬೀಳೋದು ಅಪರೂಪವೇನಲ್ಲ.

ಈಗ 1805ಕ್ಕೆ ಹೋಗೋಣ. ಆ ವರ್ಷ ಮಿರಜದಲ್ಲಿ ಭಗವದ್ಗೀತೆ ಅಚ್ಚಾಯಿತು. ಮಹಾರಾಷ್ಟ್ರದ ನೆಲದಲ್ಲಿ ದೇವನಾಗರಿಯಲ್ಲಿ ಮುದ್ರಣವಾದ ಅತಿ ಹಳೆಯ ಪುಸ್ತಕಗಳಲ್ಲಿ ಅದೂ ಒಂದು. ಪ್ರಿಯೋಳ್ಕರ್ ಅವರು 1958ರಲ್ಲಿ ಪ್ರಕಟಿಸಿದ ಭಾರತೀಯ ಮುದ್ರಣದ ಚರಿತ್ರೆಯಲ್ಲಿ ಇದರ ಕತೆ ಬರುತ್ತದೆ. ಪುಣೆಯಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್ ಜೊತೆ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಇದ್ದ. ಆ ವಲಯದಲ್ಲಿ ಕೆತ್ತನೆ ಕಲಿತ ಒಬ್ಬ ತಾಂಬಟ, ಅಂದ್ರೆ ತಾಮ್ರದ ಕೆಲಸದವನು, ನಾನಾ ಫಡ್ನವೀಸನ ಅಪೇಕ್ಷೆಯಂತೆ ಗೀತೆಯನ್ನು ತಾಮ್ರದ ತಗಡಿನ ಮೇಲೆ ಕೊರೆಯೋಕೆ ತೊಡಗಿದ. 1800ರಲ್ಲಿ ನಾನಾ ತೀರಿಕೊಂಡ. ಕುಶಲಕರ್ಮಿ ಮಿರಜದ ಗಂಗಾಧರರಾವ್ ಪಟವರ್ಧನರ ಆಶ್ರಯಕ್ಕೆ ಬಂದ, ಕೆಲಸ ಅಲ್ಲಿ ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ 1805ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಮರಾಠಿ ವ್ಯಾಕರಣ ಅಚ್ಚಾಯಿತು. ಅಲ್ಲಿ ಬಳಸಿದ್ದು ಬಿಡಿ ಅಚ್ಚುಮೊಳೆ: ಒಂದೊಂದು ಅಕ್ಷರಕ್ಕೂ ಎರಕ ಹೊಯ್ದು, ಜೋಡಿಸಿ, ಅಚ್ಚು ಮುಗಿದ ಮೇಲೆ ಬಿಚ್ಚಿ, ಮತ್ತೊಂದು ಪುಟಕ್ಕೆ ಅದನ್ನೇ ಬಳಸುವ ಕ್ರಮ. ಮಿರಜದ್ದು ಇಡೀ ಪುಟವನ್ನೇ ಕನ್ನಡಿಯ ಬಿಂಬದಂತೆ ತಿರುವಿ ಕೊರೆಯುವ ಕ್ರಮ. ಒಂದು ಅಕ್ಷರ ತಪ್ಪಿದರೆ ತಗಡನ್ನು ಹಿಂದಿನಿಂದ ಬಡಿದು, ಉಜ್ಜಿ, ಮತ್ತೆ ಕೊರೀಬೇಕು. ಆ ತಗಡಿನಿಂದ ಬೇರೆ ಪುಸ್ತಕ ಮಾಡೋಕೆ ಬರಲ್ಲ. ಆದರೆ ಲಾಭವೂ ಇತ್ತು: ಲಿಪಿಕಾರನ ಕೈಯ ಓಟ ಯಂತ್ರಕ್ಕೆ ತಕ್ಕಂತೆ ಬಾಗಬೇಕಾಗಿರಲಿಲ್ಲ.

ಇದನ್ನು ಹಿಂದುಳಿದ ತಂತ್ರ ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಕನ್ನಡದಲ್ಲೂ ಇದೇ ದಾರಿ ಕಾಣುತ್ತದೆ. ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಅಚ್ಚುಮೊಳೆಯಲ್ಲಿ ಬಂದಿತ್ತು. ಆದರೂ 1841ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣ ಶುರು ಮಾಡಿದ್ದು ಕಲ್ಲಚ್ಚಿನಲ್ಲಿ. 1843ರ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚೇ. ಕೈಬರಹ ಮೊದಲು ಹಾಗೇ ಬಂತು, ಮೊಳೆ ಆಮೇಲೆ ಕೈಗೆ ಸಿಕ್ಕಿತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡಕ್ಕೆ ನೂರಾರು ಮೊಳೆ ಬೇಕು. ಯಾರಿಗೆ ತಾನೇ ಒಂದೇ ದಿನದಲ್ಲಿ ಆದೀತು?

ಈಗ ವೆಬ್‌ಗೆ ಬನ್ನಿ. ಕನ್ನಡದ ಮೊದಲ ವೆಬ್ ಪುಟಗಳ ಕಾಲದಲ್ಲಿ ಎರಡು ಉಪಾಯ ಚಾಲ್ತಿಯಲ್ಲಿದ್ದವು. ಒಂದು, ಪಠ್ಯವನ್ನು ಚಿತ್ರ ಮಾಡಿ ಹಾಕೋದು. ಇದು ಮಿರಜದ ತಗಡೇ, ನೋಡಿ! ಅಂದವಾಗಿ ಕಾಣುತ್ತೆ, ಆದರೆ ಹುಡುಕಿದರೆ ಸಿಗೋದಿಲ್ಲ, ತಿದ್ದೋಕೆ ಬರೋದಿಲ್ಲ, ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ಅದನ್ನು ಓದಿ ಹೇಳೋದೂ ಇಲ್ಲ. ಇನ್ನೊಂದು, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಈ ಕಾಲದಲ್ಲಿ ದೊಡ್ಡ ಉಪಕಾರ ಮಾಡಿದವು. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ನಮ್ಮ ಮನೆಯ ಪರದೆಗೆ ಬರಲು ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ತನಕ, ಅಂದ್ರೆ 2001ರ ತನಕ ಕಾಯಬೇಕಾಯಿತು.

ಸಮಸ್ಯೆ ಅಲ್ಲಿಗೆ ಮುಗಿಯಿತಾ? ಸಂಕೇತದ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು, ವಿನ್ಯಾಸದ್ದು ಮುಗಿದಿಲ್ಲ. "ಲಕ್ಷ್ಮೇಶ್ವರ" ಅಂತ ಒಂದು ಪದ ತಗೊಳ್ಳಿ. ಅದರಲ್ಲಿ ಕಕಾರದ ಅಡಿಗೆ ಷ, ಮ ಎರಡು ಒತ್ತುಗಳು ಬರುತ್ತವೆ, ಪಕ್ಕಕ್ಕೆ ದೀರ್ಘದ ಗುರುತು. ಇಂಗ್ಲಿಷಿಗಾಗಿ ಮಾಡಿದ ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಕಡಿಮೆ ಇರುತ್ತದೆ. ನಾನು ಅಂಥ ಒಂದರಲ್ಲಿ ಈ ಪದವನ್ನು ಶೀರ್ಷಿಕೆಯಾಗಿ ಹಾಕಿ ನೋಡಿದೆ: ಕೆಳಗಿನ ಮಕಾರದ ಒತ್ತು ಗುಂಡಿಯ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಯಿತು. ಮರಾಠಿ ಪುಟಕ್ಕೆ ಮಾಡಿದ ಚೌಕಟ್ಟಿನಲ್ಲೂ ಹೀಗೇ ತೊಡಕು. ದೇವನಾಗರಿ ತಲೆಗೆರೆಯಿಂದ ಜೋತುಬಿದ್ದಂತೆ ಸಾಲಾಗಿ ನಿಲ್ಲುತ್ತದೆ. ಕನ್ನಡದ ತಲೆಕಟ್ಟು ಬಿಡಿಬಿಡಿ, ಭಾರ ಕೆಳಗಿಳಿಯುತ್ತದೆ. ಇನ್ನು ಇಂಗ್ಲಿಷಿನವರು ಒತ್ತು ಕೊಡಲು ದೊಡ್ಡಕ್ಷರ, ಓರೆ ಅಕ್ಷರ ಬಳಸುತ್ತಾರೆ. ನಮಗೆ ದೊಡ್ಡಕ್ಷರವೇ ಇಲ್ಲ. ಓರೆ ಮಾಡು ಅಂದ್ರೆ ಬ್ರೌಸರ್ ನಮ್ಮ ದುಂಡು ಅಕ್ಷರವನ್ನು ಸುಮ್ಮನೆ ಪಕ್ಕಕ್ಕೆ ತಳ್ಳುತ್ತೆ, ನೋಡೋಕಾಗಲ್ಲ.

ಒತ್ತು ಕತ್ತರಿಸಿಹೋದಾಗ ಯಾರೂ ಟೆಂಪ್ಲೇಟನ್ನು ಬೈಯೋದಿಲ್ಲ. "ಕನ್ನಡ ಚೆನ್ನಾಗಿ ಕಾಣಲ್ಲ, ಇಂಗ್ಲಿಷಲ್ಲೇ ಇರ್ಲಿ" ಅಂತಾರೆ. ಗಡಿಯಲ್ಲಿ ಈ ಒಂದು ವಾಕ್ಯದ ಬೆಲೆ ಹೆಚ್ಚು. ಅಲ್ಲಿ ಕನ್ನಡದ ಪಕ್ಕದಲ್ಲೇ, ಅದೇ ಪರದೆಯಲ್ಲಿ, ಇನ್ನೆರಡು ಭಾಷೆ ಸಿದ್ಧವಾಗಿ ನಿಂತಿರುತ್ತವೆ.

ಹಾಗಾದರೆ ಆಕರ ಎಲ್ಲಿ? ಮೊದಲು ಶಾಸನ. ಚಾಲುಕ್ಯ ಜಯಸಿಂಹನ 1024ರ ಶಾಸನವನ್ನು ಮಿರಜ ತಾಮ್ರಶಾಸನ ಅಂತಲೇ ಕರೆಯುತ್ತಾರೆ; ಗೀತೆಗಿಂತ ಸುಮಾರು ಎಂಟುನೂರು ವರ್ಷ ಮೊದಲು ಅದೇ ಊರಿನ ಹೆಸರು, ಅದೇ ಲೋಹ. ಅದಕ್ಕಿಂತ ನಮಗೆ ಹತ್ತಿರವಾದದ್ದು ಮಿರಜದ ಶಕ 1066ರ, ಅಂದ್ರೆ ಸುಮಾರು 1144ರ ಕನ್ನಡ ಶಿಲಾಶಾಸನ, ವೀರಬಣಂಜು ವರ್ತಕರಿಗೆ ಸಂಬಂಧಪಟ್ಟದ್ದು. ಆ ಕಾಲದ ಅಕ್ಷರ ದುಂಡು. ಪದಗಳ ನಡುವೆ ತೆರಪಿಲ್ಲದೆಯೂ ಕಲ್ಲಿನ ಸಾಲು ಕಣ್ಣಿಗೆ ತುಂಬಿಕೊಂಡು ಕಾಣುತ್ತದೆ, ಒತ್ತಿಗೆ ಎಷ್ಟು ಜಾಗ ಬಿಡಬೇಕು ಅನ್ನೋದು ಕಂಡರಿಸುವವನಿಗೆ ಗೊತ್ತಿತ್ತು. ಎಪಿಗ್ರಾಫಿಯಾ ಇಂಡಿಕಾದಂಥ ಸಂಪುಟಗಳಲ್ಲಿ ಇಂಥ ಶಾಸನಗಳ ಪಡಿಯಚ್ಚಿನ ಫಲಕಗಳಿವೆ. ನಾವು ಸಾಹಿತ್ಯದವರು ಅವನ್ನು ಪಾಠಕ್ಕಾಗಿ ಓದುತ್ತೇವೆ, ಆಕಾರಕ್ಕಾಗಿ ನೋಡುವುದಿಲ್ಲ.

ಎರಡನೆಯದು ಪುಟದ ಕಟ್ಟು. ಇವತ್ತಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಶಂಕರರಾವ್ ಕಿರ್ಲೋಸ್ಕರ್ 'ಕಿರ್ಲೋಸ್ಕರ್ ಖಬರ್' ಶುರು ಮಾಡಿದರು. ನೇಗಿಲು ಮಾಡುವ ಕಾರ್ಖಾನೆಯೂರಿನಿಂದ ಹೊರಟ ಆ ಪತ್ರಿಕೆ, 1930ರ 'ಸ್ತ್ರೀ', ಇವುಗಳ ಹಳೆಯ ಮುಖಪುಟ, ಜಾಹೀರಾತುಗಳನ್ನು ನೋಡಿದರೆ ಚಿತ್ರ ಮತ್ತು ದೇಶೀ ಲಿಪಿ ಜಗಳವಾಡದೆ ಒಂದೇ ಹಾಳೆಯಲ್ಲಿ ಕೂರುವುದು ಹೇಗೆ ಅನ್ನೋದು ಕಲಿಯಬಹುದು. ಮರಾಠಿಯದು ಅಂತ ನಾವು ದೂರ ಇಡಬೇಕಾಗಿಲ್ಲ.

(ಮಿರಜ ಅಂದ ಕೂಡಲೇ ಸಿತಾರ್, ತಂಬೂರಿಯ ಚಿತ್ರ ಹಾಕೋದು ಒಂದು ರೂಢಿಯಾಗಿದೆ. ಆ ವಾದ್ಯಗಳ ಮೇಲಿನ ಹೂಬಳ್ಳಿ ಸುಂದರವೇ, ಬೇಡ ಅನ್ನೋದಿಲ್ಲ. ಆದರೆ ಅಂಚಿನ ಅಲಂಕಾರ ಎಷ್ಟೇ ಇದ್ದರೂ ನಡುವಿನ ಅಕ್ಷರ ಓದೋಕೆ ಬರಬೇಕಲ್ಲ.)

ಕೊನೆಗೆ ಫಾಂಟುಗಳು. ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುವ ಕನ್ನಡ ವೆಬ್ ಫಾಂಟುಗಳು ಈಗ ಸಾಕಷ್ಟಿವೆ. ಮುಂಬಯಿಯ ಏಕ್ ಟೈಪ್ ಮಾಡಿದ ಬಲೂ ತಮ್ಮ ದಪ್ಪ ಶೀರ್ಷಿಕೆಗೆ ಆಗುತ್ತದೆ, ಅವರದೇ ಅನೇಕ್ ಕನ್ನಡದಲ್ಲಿ ತೆಳು-ದಪ್ಪದ ಹಲವು ಮಟ್ಟಗಳಿವೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನ್ನಡಕದಲ್ಲಿ ಕೈಬರಹದ ಲಯ ಇದೆ. ಉದ್ದ ಬರಹಕ್ಕೆ ನನ್ನ ಆಯ್ಕೆ ತಿರೋ ಕನ್ನಡ. ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಯ ಪುಸ್ತಕಗಳಿಗಾಗಿ ನಡೆದ ಕೆಲಸದಿಂದ ಬಂದದ್ದು, ಒತ್ತುಗಳು ಉಸಿರಾಡುತ್ತವೆ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಮಿರಜದ ಗೀತೆಯ ಅಕ್ಷರಗಳಿಂದಲೇ ಒಂದು ಫಾಂಟ್ ಮಾಡಬಹುದಾ ಅಂತ. ದೇವನಾಗರಿಗೆ ಖಂಡಿತ ಮಾಡಬಹುದು ಸರ್, ಮರಾಠಿ ಗೆಳೆಯರು ಮಾಡಿದರೆ ಸಂತೋಷ. ಕನ್ನಡಕ್ಕೆ ಆ 1144ರ ಕಲ್ಲಿನಿಂದ ಶುರು ಮಾಡಬೇಕು. ಬರೇ ಅ, ಆ, ಇ ಬಿಡಿಸಿ ನಿಲ್ಲಿಸಬಾರದು. ಒತ್ತುಗಳನ್ನು ಮೊದಲು ಬಿಡಿಸಿ, ಸಾಲಿನ ಎತ್ತರವನ್ನು ಅವುಗಳಿಂದ ಅಳೆದು, ಆಮೇಲೆ ಉಳಿದ ಅಕ್ಷರಗಳಿಗೆ ಬರಬೇಕು.