ಗಡ್ಡೆ ಕುಗ್ಗಿದರೆ ಗೆದ್ದಂತೆಯೇ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಅಮೃತಮಹಲ್ ಕಾವಲಿನ ಪರಿಚಯ ಬೇಕಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳ ತಳಿ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಬೀಜ ಒಡೆಸಿದ ಹೋರಿ ಸಾಧುವಾಗಿ ಎತ್ತಾಗುತ್ತೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಗೆ ಕಾಣದ ಇನ್ನೊಂದು ಬದಲಾವಣೆಯೂ ಇದೆ: ಪ್ರಾಣಿಯ ಪ್ರಾಸ್ಟೇಟ್ ಗ್ರಂಥಿ ಬಾಡಿ ಸಣ್ಣದಾಗುತ್ತದೆ. ಬೀಜ ತೆಗೆದ ಪ್ರಾಣಿಗಳಲ್ಲಿ ಹೀಗಾಗುವುದನ್ನು ಲಂಡನ್ನಿನ ಸರ್ಜನ್ ಜಾನ್ ಹಂಟರ್ 1786ರಲ್ಲೇ ಬರೆದಿದ್ದ.

ನಾನು ಇದನ್ನೆಲ್ಲ ಓದಿದ್ದು ನಮ್ಮ ದೊಡ್ಡಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದಾಗ. ಊರಿಂದ ಫೋನ್ ಮಾಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೊದ್ಲು ಔಷಧಿ ಕೊಟ್ಟು ಗಡ್ಡೆ ಕರಗಿಸಿ, ಆಮೇಲೆ ಆಪರೇಷನ್ ಮಾಡಿದ್ರೆ ವಾಸಿ ಅಲ್ವೇನೋ?"

ನ್ಯಾಯವಾದ ಪ್ರಶ್ನೆ. ಸ್ತನ ಕ್ಯಾನ್ಸರಿನಲ್ಲಿ ಆ ಕ್ರಮ ರೂಢಿಯಲ್ಲೇ ಇದೆ. ಪ್ರಾಸ್ಟೇಟಿನ ಮಟ್ಟಿಗೆ ಡಾಕ್ಟರುಗಳು ಇದೇ ಪ್ರಶ್ನೆಯನ್ನು ಎಂಬತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದಾರೆ.

ಕ್ಯಾನ್ಸರ್ ಬಂದ ಪ್ರಾಸ್ಟೇಟನ್ನು ಪೂರ್ತಿ ತೆಗೆಯುವ ಆಪರೇಷನ್ನನ್ನು ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ 1904ರಲ್ಲಿ ಮಾಡಿದ. 1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗ್ಗಿನ್ಸ್, ವೃಷಣ ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಅಂತ ತೋರಿಸಿದ. 1966ರಲ್ಲಿ ಅವನಿಗೆ ನೊಬೆಲ್ ಬಂತು. ಎರಡನ್ನೂ ಜೋಡಿಸುವ ಯೋಚನೆ ತಡವಾಗಲಿಲ್ಲ. 1944ರಲ್ಲೇ ವ್ಯಾಲೆಟ್ ಎಂಬ ವೈದ್ಯರು ಮೊದಲು ವೃಷಣ, ಆಮೇಲೆ ಪ್ರಾಸ್ಟೇಟ್ ತೆಗೆದ ವರದಿ ಬರೆದರು. ಆದರೆ ವೃಷಣ ಕಳೆದುಕೊಳ್ಳೋಕೆ ಯಾರು ತಾನೇ ಸುಲಭವಾಗಿ ಒಪ್ಪುತ್ತಾರೆ? 1985ರಲ್ಲಿ ಅಮೆರಿಕದಲ್ಲಿ ಲ್ಯುಪ್ರೊಲೈಡ್ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿತು. ಕತ್ತರಿ ಹಾಕದೆಯೇ ಹಾರ್ಮೋನ್ ಇಳಿಸುವ ದಾರಿ ತೆರೆಯಿತು.

1990ರ ದಶಕದಲ್ಲಿ ಪಕ್ಕಾ ಪರೀಕ್ಷೆಗಳು ನಡೆದವು. ಅಮೆರಿಕದ ಒಂದರಲ್ಲಿ ಸುಮಾರು 300 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಮೂರು ತಿಂಗಳು ಔಷಧಿ, ನಂತರ ಆಪರೇಷನ್. ಇನ್ನೊಂದಕ್ಕೆ ನೇರ ಆಪರೇಷನ್. ತೆಗೆದ ಗ್ರಂಥಿಯ ಅಂಚಿನಲ್ಲಿ ಕ್ಯಾನ್ಸರ್ ಕಂಡದ್ದು ನೇರ ಆಪರೇಷನ್ ಗುಂಪಿನ ಶೇ. 48 ಜನರಲ್ಲಿ, ಔಷಧಿ ಗುಂಪಿನ ಶೇ. 18 ಜನರಲ್ಲಿ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಔಷಧಿ ಗೆದ್ದಿತು ಅಂತಲೇ ಹೇಳುತ್ತಿದ್ದರು.

ನಿಲ್ಲಿಸಲಿಲ್ಲ, ಐದು ವರ್ಷ ಕಾದರು. ರೋಗ ಮರಳದೆ ಇದ್ದವರು ಔಷಧಿ ಗುಂಪಿನಲ್ಲಿ ಶೇ. 64.8, ನೇರ ಆಪರೇಷನ್ ಗುಂಪಿನಲ್ಲಿ ಶೇ. 67.6. ಅಂದರೆ ವ್ಯತ್ಯಾಸವೇ ಇಲ್ಲ! ಗಡ್ಡೆ ಕುಗ್ಗಿದ್ದು ನಿಜ, ಆದರೆ ರೋಗ ಮರಳುವುದು ತಪ್ಪಲಿಲ್ಲ. ಮೈ ಬಿಸಿಯೇರುವುದು, ಸುಸ್ತು, ಆಸಕ್ತಿ ಕುಂದುವುದು ಇವೆಲ್ಲ ಔಷಧಿ ತಗೊಂಡವರ ಪಾಲಿಗೆ ಬಂದ ಹೆಚ್ಚುವರಿ ಕಷ್ಟ.

ಮುಂದೆ ಹಾರ್ಮೋನ್ ಔಷಧಿಯ ಜೊತೆ ಡೋಸಿಟ್ಯಾಕ್ಸೆಲ್ ಕೀಮೋ ಸೇರಿಸಿ, ಅಪಾಯ ಹೆಚ್ಚಿದ್ದ 788 ಜನರ ಮೇಲೆ ಇನ್ನೊಂದು ದೊಡ್ಡ ಪರೀಕ್ಷೆ ಮಾಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ವರ್ಷದ ಮುಖ್ಯ ಲೆಕ್ಕದಲ್ಲಿ ಗೆಲುವು ಸಿಗಲಿಲ್ಲ. ಈಗ ಅಪಾಲ್ಯುಟಮೈಡ್‌ನಂಥ ಹೊಸ ಔಷಧಿಗಳ ಸರದಿ.

ಇದು ನಮಗೆ ದೂರದ ವಿಷಯವೇನಲ್ಲ. 1982ರಲ್ಲಿ ಶುರುವಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಕೆಲಸ ನಡೆಯೋದು ಕಿದ್ವಾಯಿ ಆಸ್ಪತ್ರೆಯಲ್ಲಿ. ಗಂಡಸರ ಕ್ಯಾನ್ಸರುಗಳ ಅದರ ಪಟ್ಟಿಯಲ್ಲಿ ಪ್ರಾಸ್ಟೇಟ್ ಮುಂದಿನ ಸಾಲಿನಲ್ಲಿದೆ. ನಾಳೆ ನಿಮ್ಮಪ್ಪನ ಕೈಗೂ ಇಂಥ ಪರೀಕ್ಷೆಯ ಒಪ್ಪಿಗೆ ಪತ್ರ ಬರಬಹುದು. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. 2009ರಿಂದ ಭಾರತದಲ್ಲಿ ಅದು ಕಡ್ಡಾಯ. ಮಧ್ಯದಲ್ಲಿ ಬಿಟ್ಟು ಬರುವ ಹಕ್ಕೂ ರೋಗಿಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಏನನ್ನು ಅಳೆಯುತ್ತಾರೆ ಅಂತ ಕೇಳಿ: ಗಡ್ಡೆಯ ಗಾತ್ರವನ್ನೋ, ಮನುಷ್ಯ ಬದುಕುವ ವರ್ಷಗಳನ್ನೋ? ಈ ಎರಡೂ ಒಂದೇ ಅಲ್ಲ ಅಂತ ನಮಗೆ ತಿಳಿದಿರೋದು, ಯಾವ ಗುಂಪು ಸಿಗುತ್ತೋ ಗೊತ್ತಿಲ್ಲದೆಯೇ ಸಹಿ ಹಾಕಿದ ಆ ನೂರಾರು ರೋಗಿಗಳಿಂದ.