ವಿದೇಶಿ ನೇರ ಹೂಡಿಕೆ ಮತ್ತು ಸ್ಥಳೀಯ ಉದ್ಯಮಗಳ ಉತ್ಪಾದಕತೆ: ಸೊಲ್ಲಾಪುರದಿಂದ ಬಿಡದಿಯವರೆಗೆ

ಹೊರದೇಶದ ಕಂಪನಿಯೊಂದು ಇಲ್ಲಿ ಕಾರ್ಖಾನೆ ಕಟ್ಟಿದರೆ, ಅಥವಾ ಇಲ್ಲಿನ ಕಂಪನಿಯಲ್ಲಿ ಪಾಲು ಕೊಂಡು ಆಡಳಿತದಲ್ಲಿ ಭಾಗಿಯಾದರೆ ಅದು ವಿದೇಶಿ ನೇರ ಹೂಡಿಕೆ. ಷೇರುಪೇಟೆಗೆ ಬಂದು ಹೋಗುವ ಹಣ ಇದರಲ್ಲಿ ಸೇರುವುದಿಲ್ಲ. ಇಂಥ ಕಾರ್ಖಾನೆ ಬಂದ ಮೇಲೆ ಸುತ್ತಲಿನ ಉದ್ದಿಮೆದಾರರು ಅಷ್ಟೇ ಆಳು, ಅಷ್ಟೇ ಯಂತ್ರಗಳಿಂದ ಹೆಚ್ಚು ಮತ್ತು ಉತ್ತಮ ಸರಕು ತಯಾರಿಸಲು ಕಲಿಯುತ್ತಾರೆಯೇ ಎಂಬುದು ಅರ್ಥಶಾಸ್ತ್ರದ ಹಳೆಯ ಪ್ರಶ್ನೆ.

ಸೊಲ್ಲಾಪುರದ ಕೈಗಾರಿಕೆ ಶುರುವಾದದ್ದು ಬೇರೆ ದಾರಿಯಲ್ಲಿ. ಮುಂಬಯಿಯ ವರ್ತಕ ಮೊರಾರ್ಜಿ ಗೋಕುಲದಾಸರು ಕಟ್ಟಿದ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಗಿರಣಿ 1877ರಲ್ಲಿ ಆರಂಭವಾಯಿತು. ಬಂಡವಾಳ ದೇಶದ್ದು, ಯಂತ್ರ ಇಂಗ್ಲೆಂಡಿನದು. ತೆಲುಗು, ಕನ್ನಡ, ಮರಾಠಿ ಮಾತಾಡುವ ಕಾರ್ಮಿಕರ ಊರು ಗಿರಣಿಗಳ ಸುತ್ತ ಬೆಳೆಯಿತು. ಯಂತ್ರ ಕೊಂಡರೆ ಯಂತ್ರ ಬರುತ್ತದೆ. ಅದನ್ನು ಕಾಲಕ್ಕೆ ತಕ್ಕಂತೆ ಸುಧಾರಿಸುವ ಅಭ್ಯಾಸ ಅದರ ಜೊತೆಗೇ ಬರುವುದಿಲ್ಲ. 1949ರಲ್ಲಿ ಆ ಗಿರಣಿ ಬಾಗಿಲು ಮುಚ್ಚಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತ ವಹಿಸಿಕೊಂಡಿತು. 

ವಿದೇಶಿ ಬಂಡವಾಳ ಬಂದರೆ ಆ ಅಭ್ಯಾಸವೂ ಬರುತ್ತದೆಯೇ? ಈ ಬಗ್ಗೆ ವಿದ್ವಾಂಸರ ನಿಲುವು ಎರಡು ಸಲ ಬದಲಾಗಿದೆ. 1974ರಲ್ಲಿ ರಿಚರ್ಡ್ ಕೇವ್ಸ್ ಆಸ್ಟ್ರೇಲಿಯಾ, ಕೆನಡಾಗಳ ಲೆಕ್ಕ ನೋಡಿ, ವಿದೇಶಿ ಕಂಪನಿ ಹೆಚ್ಚಿರುವ ಕಡೆ ಸ್ಥಳೀಯರ ಉತ್ಪಾದಕತೆಯೂ ಹೆಚ್ಚಬಹುದು ಎಂಬ ಆಶಾದಾಯಕ ಸೂಚನೆ ಕೊಟ್ಟರು. 1999ರಲ್ಲಿ ಬ್ರಯಾನ್ ಏಟ್‌ಕೆನ್ ಮತ್ತು ಆನ್ ಹ್ಯಾರಿಸನ್ ವೆನೆಜುವೆಲಾದ ಕಾರ್ಖಾನೆಗಳನ್ನು ವರ್ಷ ವರ್ಷ ಹಿಂಬಾಲಿಸಿ ನೋಡಿದಾಗ ಚಿತ್ರ ತಲೆಕೆಳಗಾಯಿತು. ವಿದೇಶಿ ಕಂಪನಿ ಗಿರಾಕಿಗಳನ್ನು ಸೆಳೆದುಕೊಂಡಾಗ ಸ್ಥಳೀಯನ ಉತ್ಪಾದನೆ ಇಳಿಯುತ್ತದೆ. ಬಾಡಿಗೆ, ಬಡ್ಡಿ, ಯಂತ್ರದ ಖರ್ಚು ಇಳಿಯುವುದಿಲ್ಲ. ಹೀಗಾಗಿ ಅವನ ಉತ್ಪಾದಕತೆ ಕುಸಿಯುತ್ತದೆ. 2004ರಲ್ಲಿ ಬಿಯಾಟಾ ಯಾವೊರ್ಚಿಕ್ ಲಿಥುವೇನಿಯಾದ ಅಂಕಿಅಂಶಗಳಿಂದ ಮೂರನೆಯ ಮಾತು ಸೇರಿಸಿದರು: ಲಾಭ ದೊರೆಯುವುದು ಪ್ರತಿಸ್ಪರ್ಧಿಗಳಿಗಲ್ಲ, ವಿದೇಶಿ ಕಂಪನಿಗೆ ಸಾಮಾನು ಒದಗಿಸುವವರಿಗೆ. ಭಾರತದ ಕಾರ್ಖಾನೆಗಳನ್ನು ಅಧ್ಯಯನ ಮಾಡಿದ ವಿನೀಶ್ ಕಥೂರಿಯಾ, ತಾವೇ ಸಂಶೋಧನೆಗೆ ಹಣ ಹಾಕಿದ ಸಂಸ್ಥೆಗಳಿಗೆ ಮಾತ್ರ ಈ ಕಲಿಕೆ ದಕ್ಕುತ್ತದೆ ಎಂದು 2002ರಲ್ಲಿ ತೋರಿಸಿದರು. ನಮ್ಮ ಸೀಮೆಗೆ ಹೆಚ್ಚು ಹೊಂದುವುದು ಈ ಕೊನೆಯ ಎರಡು ಮಾತುಗಳೇ.

ಬೆಂಗಳೂರಿನ ಬಳಿಯ ಬಿಡದಿಯನ್ನೇ ನೋಡಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ಕಬ್ಬಿಣದ ನೇಗಿಲು ತಯಾರಿಸಿದವರು. ಅದೇ ಮನೆತನದ ಉದ್ಯಮ ಸಮೂಹ 1997ರಲ್ಲಿ ಜಪಾನಿನ ಟೊಯೊಟಾ ಜೊತೆ ಸೇರಿ ಕಾರು ಕಂಪನಿ ಸ್ಥಾಪಿಸಿ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿತು. ಟೊಯೊಟಾ ಪದ್ಧತಿಯಲ್ಲಿ ಗೋದಾಮು ತುಂಬಿಸಿಡುವಂತಿಲ್ಲ. ಬಿಡಿಭಾಗ ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಒಂದು ದೋಷವಿರುವ ತುಣುಕು ಬಂದರೂ ಜೋಡಣೆಯ ಸಾಲು ನಿಲ್ಲುತ್ತದೆ. ಆದ್ದರಿಂದ ಒದಗಿಸುವವರು ತಮ್ಮ ಅಂಗಳದಲ್ಲೇ ತಪಾಸಣೆ, ಲೆಕ್ಕ, ಯಂತ್ರದ ನಿಗಾ ಎಲ್ಲವನ್ನೂ ಬಿಗಿ ಮಾಡಿಕೊಳ್ಳಬೇಕಾಗುತ್ತದೆ. ಆದರೆ ಮುಖ್ಯ ಬಿಡಿಭಾಗಗಳ ಪೂರೈಕೆಗೆ ಜಪಾನಿ ಕಂಪನಿಗಳೂ ಬೆನ್ನಲ್ಲೇ ಬಂದವು; ಸಣ್ಣ ಸ್ಥಳೀಯ ವರ್ಕ್‌ಶಾಪುಗಳಿಗೆ ಹೆಚ್ಚಾಗಿ ಸಿಕ್ಕಿದ್ದು ಎರಡನೆಯ, ಮೂರನೆಯ ಸಾಲಿನ ಜಾಗ, ಅಂದರೆ ಒದಗಿಸುವವರಿಗೆ ಒದಗಿಸುವ ಕೆಲಸ. ಹೂಡಿಕೆಯ ಒಪ್ಪಂದಗಳನ್ನು ಸಂಭ್ರಮದಿಂದ ಘೋಷಿಸುವಾಗ ಈ ಸಾಲುಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಹೇಳಲೇಬೇಕಾದ ಲೆಕ್ಕ ಅದು.

ಸೊಲ್ಲಾಪುರದಲ್ಲಿ ಇಂಥ ದೊಡ್ಡ ವಿದೇಶಿ ಕಾರ್ಖಾನೆ ಬರಲಿಲ್ಲ, ಆರ್ಡರ್ ಬಂತು. 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಜನರಲ್ ಮೋಟರ್ಸ್, ಫೋರ್ಡ್, ಹ್ಯುಂಡೈಗಳಿಗೆ ಕ್ಯಾಮ್‌ಶಾಫ್ಟ್ ಒದಗಿಸುವ ಕಂಪನಿಯಾಗಿ ಬೆಳೆಯಿತು. ಎಂಜಿನಿನ ಕವಾಟಗಳನ್ನು ಸರಿಯಾದ ಗಳಿಗೆಗೆ ತೆರೆಯುವ ಈ ಸಲಾಕೆಯ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಎರಕ ಹೊಯ್ಯುವಾಗ ಉಬ್ಬಿನ ಜಾಗದಲ್ಲಿ ಲೋಹದ ತುಂಡು ಇಟ್ಟು ಕಬ್ಬಿಣವನ್ನು ಥಟ್ಟನೆ ತಣಿಸುತ್ತಾರೆ. ಅಷ್ಟು ಭಾಗ ಮಾತ್ರ ಸವೆಯದಷ್ಟು ಗಡುಸಾಗುತ್ತದೆ, ನಡುವಿನ ಸಲಾಕೆ ಮೆದುವಾಗಿಯೇ ಉಳಿದು ಕಡೆಯಲು ಬರುತ್ತದೆ. ಆಮೇಲಿನ ಸಾಣೆಯ ಅಳತೆ ಮೈಕ್ರಾನ್‌ಗಳಲ್ಲಿ. ವಿದೇಶಿ ಗಿರಾಕಿ ಇಂಥ ಅಳತೆಯನ್ನು ಲಕ್ಷಗಟ್ಟಲೆ ತುಣುಕುಗಳಲ್ಲಿ ಒಂದೇ ಸಮನೆ ಬೇಡುತ್ತಾನೆ. ಅದಕ್ಕೆ ಒಗ್ಗಿದ ಊರು ಮುಂದೆ ಬೇರೆ ಗಿರಾಕಿಗೂ ಮಾರಬಲ್ಲದು. ಒಬ್ಬ ಗಿರಾಕಿ ಹೋಗಲೂಬಹುದು: 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸೊಲ್ಲಾಪುರದ ಕಂಪನಿ ಅದಕ್ಕೂ ಮೊದಲೇ, 2018ರಲ್ಲಿ, ಜರ್ಮನಿಯ ಎಂಎಫ್‌ಟಿ ಎಂಬ ಕಂಪನಿಯಲ್ಲಿ ಬಹುಪಾಲು ಷೇರು ಕೊಂಡಿತ್ತು.

ಕಲಿಕೆ ಹರಡುವ ಇನ್ನೊಂದು ದಾರಿ ಜನ. ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು 1979ರಲ್ಲಿ ಸುಮಾರು 130 ಮಂದಿಯನ್ನು ಅಲ್ಲಿಗೆ ತರಬೇತಿಗೆ ಕಳಿಸಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟು ಬೇರೆ ಕಾರ್ಖಾನೆ ಸೇರಿದರು ಅಥವಾ ತಾವೇ ಆರಂಭಿಸಿದರು. ಬೆಂಗಳೂರಿಗೆ 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಿಂದ ಹೊರಬಂದ ಎಂಜಿನಿಯರುಗಳು 2001ರಲ್ಲಿ ಇಟ್ಟಿಯಂ ಸಿಸ್ಟಮ್ಸ್ ಸ್ಥಾಪಿಸಿದರು.

ಸೊಲ್ಲಾಪುರದ ಚಾದರ, ಟವೆಲ್ ನೇಯುವ ಪವರ್‌ಲೂಮ್ ಮಾಲೀಕರಿಗೆ ಗಿರಾಕಿ ಮತ್ತು ಜನ ಎಂಬ ಈ ಎರಡೂ ದಾರಿ ಇನ್ನೂ ಕಿರಿದು. ಟವೆಲ್ ಹೊರದೇಶಕ್ಕೆ ಹೋಗುತ್ತದೆ. ಆದರೆ ಹಳೆಯ ಶಟಲ್ ಮಗ್ಗದಿಂದ ಶಟಲ್ ಇಲ್ಲದ ಮಗ್ಗಕ್ಕೆ ಹೋಗಲು ದೊಡ್ಡ ಸಾಲ ಬೇಕು, ನುರಿತ ಮೆಕ್ಯಾನಿಕ್ ಬೇಕು. ಅಕ್ಕಲಕೋಟೆ, ಮಂಗಳವೇಢೆ ಕಡೆಯ ಕನ್ನಡದ ಹುಡುಗರು ಐಟಿಐ ಮುಗಿಸಿ ಪುಣೆಗೆ ಬಸ್ಸು ಹತ್ತಿದರೆ ಆ ಮೆಕ್ಯಾನಿಕ್ ಊರಲ್ಲಿ ಉಳಿಯುವುದಿಲ್ಲ. ಐಟಿಐ, ಬ್ಯಾಂಕು, ಪರೀಕ್ಷಾಲಯಗಳಿಗೆ ಸರ್ಕಾರ ಮಾಡುವ ವೆಚ್ಚವನ್ನೂ ಹೂಡಿಕೆ ನೀತಿಯ ಭಾಗವೆಂದೇ ಎಣಿಸಬೇಕಾದದ್ದು ಇದಕ್ಕಾಗಿ.