ವಾಟರ್ಲೂ ಚಿತ್ರದಲ್ಲಿ ಕಂಡ ವೆಲ್ಲೆಸ್ಲಿ

ಕಳೆದ ಚಳಿಗಾಲದ ಒಂದು ಭಾನುವಾರ ಲಂಡನ್ನಿನ ನಮ್ಮ ಮನೆಯಲ್ಲಿ ಮಗನ ಜೊತೆ ಕೂತು ‘ವಾಟರ್ಲೂ’ ಚಿತ್ರ ನೋಡಿದೆ. 1970ರದ್ದು, ನಿರ್ದೇಶಕ ಸೆರ್ಗೈ ಬೊಂಡಾರ್ಚುಕ್. ಕಂಪ್ಯೂಟರಿನಲ್ಲಿ ಸೈನ್ಯ ಹುಟ್ಟಿಸುವ ಕಾಲವಲ್ಲ ಅದು. ಉಕ್ರೇನಿನಲ್ಲಿ ಗುಡ್ಡ ಸಮ ಮಾಡಿ, ಕೆಸರಿಗಾಗಿ ನೆಲದಡಿ ನೀರಿನ ಕೊಳವೆ ಹಾಕಿ, ಸುಮಾರು 15,000 ಸೋವಿಯತ್ ಸೈನಿಕರಿಗೆ ಹಳೆಯ ಸಮವಸ್ತ್ರ ತೊಡಿಸಿದ್ದರು. ಆ ಕೆಸರು ಬರೀ ನೋಟಕ್ಕಲ್ಲ. 1815ರ ಜೂನ್ 18ರಂದು, ಹಿಂದಿನ ರಾತ್ರಿಯ ಮಳೆಗೆ ತೊಯ್ದ ನೆಲ ಒಣಗಲೆಂದು ನೆಪೋಲಿಯನ್ ದಾಳಿಯನ್ನು ಮಧ್ಯಾಹ್ನದ ಹೊತ್ತಿಗೆ ತಳ್ಳಿದ. ಸಂಜೆಯೊಳಗೆ ಪ್ರಷ್ಯನ್ನರು ಬಂದುಬಿಟ್ಟರು.

ವೆಲಿಂಗ್ಟನ್ ಪಾತ್ರದಲ್ಲಿ ಕ್ರಿಸ್ಟೋಫರ್ ಪ್ಲಮರ್ ಕುದುರೆಯೇರಿ ಬಂದಾಗ ಮಗ, “ಇವನೇ ಅಲ್ವಾ ಅಪ್ಪ ಹೀರೋ?” ಎಂದ. ಇಲ್ಲಿನ ಶಾಲೆಯಲ್ಲಿ ಕಲಿತವನು. ನನಗೆ ತಟ್ಟನೆ ಹೂಂ ಅನ್ನಲಾಗಲಿಲ್ಲ.

ನಾನು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯವನು. ನಮಗೆ ಇವನು ಕರ್ನಲ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ದಿಕ್ಕು ತಪ್ಪಿ, ಟಿಪ್ಪುವಿನವರ ಹೊಡೆತ ತಿಂದು ಹಿಂದಿರುಗಿದವನು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಪಟ್ಟಣದ ಅಧಿಕಾರ ಇವನಿಗೇ ಬಂತು, ಕೋಟೆಗೆ ನುಗ್ಗಿದ ಬೇರ್ಡ್‌ಗಲ್ಲ. (ಗವರ್ನರ್ ಜನರಲ್ ಇವನ ಅಣ್ಣ!) ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದ, ಅವನ ಎಳೆಯ ಮಗನ ಪಾಲನೆಯ ಹೊಣೆಯನ್ನೂ ಹೊತ್ತ. ಇದನ್ನೂ ಹೇಳಬೇಕು. ಚಿತ್ರ ಶುರುವಾಗುವುದೇ 1814ರಲ್ಲಿ, ಹಾಗಾಗಿ ಇದಾವುದಕ್ಕೂ ಅಲ್ಲಿ ಜಾಗವಿಲ್ಲ.

ಚಿತ್ರ ನಿಲ್ಲಿಸಿ ಇಷ್ಟು ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ರಜೆಗೆ ಊರಿಗೆ ಹೋದಾಗ ಆ ತೋಪಿನ ಜಾಗ ತೋರಿಸ್ತೀಯಾ?” ಎಂದ. ಅಷ್ಟು ಹತ್ತಿರ ಬೆಳೆದರೂ ನಾನು ಒಮ್ಮೆಯೂ ಅದನ್ನು ಹುಡುಕಿ ಹೋದವನಲ್ಲ.